ಗಾಳಿ ಯಾವ ಕಡೆಯಿಂದ, ಹಿಮ ಯಾವ ಎತ್ತರಕ್ಕೆ

ನವೆಂಬರ್ ಕಳೆಯುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರಲು ಶುರುವಾಗುತ್ತವೆ. "ಕ್ರಿಸ್‌ಮಸ್ ರಜೆಗೆ ಮನಾಲಿಗೆ ಹೊರಟಿದ್ದೇವೆ, ಹಿಮ ಉಂಟಾ?" "ಕೇದಾರಕಂಠ ಬುಕ್ ಮಾಡಿದ್ದೇವೆ, ಹವಾಮಾನ ಹೇಗಿರ್ತದೆ?" ಉಡುಪಿ, ಮಣಿಪಾಲ, ಮಂಗಳೂರು ಕಡೆಯಿಂದ ಚಳಿಗಾಲದಲ್ಲಿ ಹಿಮಾಲಯಕ್ಕೆ ಹೋಗುವವರು ಈಗ ಜಾಸ್ತಿ. ನಾನು ಹವಾಮಾನ ತಜ್ಞೆ ಅಲ್ಲ. ಕೆಲಸ ಮಣಿಪಾಲದಲ್ಲಿ, ಚಳಿಗಾಲದಲ್ಲಿ ಗೆಳೆಯರ ಜೊತೆ ಚಾರಣ. ತಂಡದಲ್ಲಿ ಹವಾಮಾನ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತಾ, ನೋಡುತ್ತಾ, ಕಲಿಯುತ್ತಾ ಹೋದೆ. ಈಗ ಅದು ಚಾರಣಕ್ಕಿಂತ ಹೆಚ್ಚು ಹಿಡಿಸಿದೆ.

ಕೇಳಿದವರಿಗೆ ನಾನು ಮೊದಲು ವಾಪಸ್ ಕೇಳುವ ಪ್ರಶ್ನೆ: ನೀವು ಎಷ್ಟು ಎತ್ತರದಲ್ಲಿ ಇರ್ತೀರಿ? ತುಂಬಾ ಜನರಿಗೆ ಇದು ಗೊತ್ತಿರುವುದಿಲ್ಲ. ಮನಾಲಿ ಅಂತ ಟೈಪ್ ಮಾಡಿದರೆ ಫೋನ್ ಒಂದು ಡಿಗ್ರಿ ತೋರಿಸುತ್ತದೆ, ಪಕ್ಕದಲ್ಲಿ ಒಂದು ಮೋಡದ ಚಿತ್ರ. ಅಷ್ಟು ಸಾಕು ಅಂತ ಅನಿಸುತ್ತದೆ. ಉಡುಪಿಯಲ್ಲಿ ಸಾಕೂ ಹೌದು. ಮಲ್ಪೆಯಲ್ಲಿ 32 ಇದ್ದರೆ ಮಣಿಪಾಲದಲ್ಲಿ ಹೆಚ್ಚುಕಡಿಮೆ ಅಷ್ಟೇ. ಆದರೆ ಮನಾಲಿ ಪೇಟೆ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಅಲ್ಲಿಂದ ಮೇಲಕ್ಕೆ ರೋಹ್ತಾಂಗ್ ಪಾಸ್ 3,978 ಮೀಟರ್. ಎತ್ತರ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಅಂದರೆ ಪೇಟೆಯಲ್ಲಿ 6 ಡಿಗ್ರಿ ಇರುವಾಗ ಮೇಲೆ ಮೈನಸ್ 6. ಕೆಳಗೆ ಮಳೆ ಹನಿಯುತ್ತಿರುತ್ತದೆ, ಮೇಲೆ ದಾರಿ ಮುಚ್ಚಿಹೋಗಿರುತ್ತದೆ.

ಫೋನಿನ ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತಲೂ ತಿಳಿದಿರಬೇಕು. ಕಂಪ್ಯೂಟರ್ ಮಾಡೆಲ್‌ಗಳು ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಮಾಡೆಲ್‌ನಲ್ಲಿ ಒಂದು ಚೌಕ ಸುಮಾರು 9 ಕಿಲೋಮೀಟರ್. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ತಯಾರಾಗಿ 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ 6 ಕಿಲೋಮೀಟರ್. ಇದು ದೊಡ್ಡ ಸಾಧನೆಯೇ. ಆದರೆ ಕುಲು ಕಣಿವೆ ಮನಾಲಿಯ ಹತ್ತಿರ ಒಂದೆರಡು ಕಿಲೋಮೀಟರ್ ಅಗಲ ಇದ್ದರೆ ಹೆಚ್ಚು. ಒಂದೇ ಚೌಕದೊಳಗೆ ನದಿಯೂ ಬರುತ್ತದೆ, ಶಿಖರವೂ ಬರುತ್ತದೆ. ಮಾಡೆಲ್ ಎರಡನ್ನೂ ಸರಾಸರಿ ಮಾಡುತ್ತದೆ. ಅದರ ನಕ್ಷೆಯಲ್ಲಿ ಶಿಖರಗಳ ತಲೆ ಸವೆದಿರುತ್ತದೆ, ಕಣಿವೆಗಳು ಅರ್ಧ ತುಂಬಿರುತ್ತವೆ. ಹಾಗಾಗಿ ಬೆಟ್ಟದ ಮುನ್ಸೂಚನೆ ಕಲಿಯುವವರು ಮೊದಲು ಮಾಡಬೇಕಾದದ್ದು, ಮಾಡೆಲ್ ಆ ಜಾಗವನ್ನು ಎಷ್ಟು ಎತ್ತರ ಅಂದುಕೊಂಡಿದೆ ಅಂತ ನೋಡುವುದು. ಕೆಲವು ವೆಬ್‌ಸೈಟುಗಳು ಅದನ್ನು ತೋರಿಸುತ್ತವೆ. ಮಾಡೆಲ್ 2,800 ಮೀಟರ್ ಅಂದುಕೊಂಡಿದ್ದು ನೀವು 2,050ರಲ್ಲಿ ಇದ್ದರೆ ಐದು ಡಿಗ್ರಿ ಸೇರಿಸಿ ಓದಬೇಕು.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುತ್ತಾರೆ, ಸಮುದ್ರದ ಪಕ್ಕ ಕೂತು ಇದನ್ನೆಲ್ಲ ಕಲಿಯುವುದು ಹೇಗೆ ಅಂತ. ನನ್ನ ಉತ್ತರ, ನಮ್ಮಷ್ಟು ಅನುಕೂಲ ಬೆಂಗಳೂರಿನವರಿಗೂ ಇಲ್ಲ. ಬೆನ್ನ ಹಿಂದೆ ಘಟ್ಟ ಇದೆಯಲ್ಲ! ಮಳೆಗಾಲದಲ್ಲಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆ ಸುರಿಯುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಆಚೆ ಶಿವಮೊಗ್ಗ ನಗರಕ್ಕೆ ಹೋಗುವಷ್ಟರಲ್ಲಿ ಅದರ ಕಾಲು ಭಾಗವೂ ಇಲ್ಲ. ಶಾಲೆಯಲ್ಲಿ ಓದಿದ ಪಾಠವೇ ಇದು. ಆದರೆ ಚಳಿಗಾಲದ ಪಾಠವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಮತ್ತು ನನಗೆ ಹೆಚ್ಚು ಕಲಿಸಿದ್ದು ಅದೇ.

ಹೆಬ್ರಿಯಲ್ಲಿ ನನ್ನ ಸೋದರಮಾವನ ಮನೆ. ಆಗುಂಬೆ ಘಟ್ಟದ ಬುಡ. ಡಿಸೆಂಬರ್, ಜನವರಿಯಲ್ಲಿ ಅಂಗಳ ತುಂಬಾ ಅಡಿಕೆ. ಚಾಲಿ (ಒಣ ಅಡಿಕೆ) ಆಗಬೇಕಾದರೆ ಒಂದೂವರೆ ತಿಂಗಳು ಬಿಸಿಲು ಬೇಕು. ಮಾವ ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗಿ ಘಟ್ಟದ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. "ಮೂಡುಗಾಳಿ ಉಂಟು ಮಾರಾಯ್ತಿ, ಇವತ್ತು ಅಡಿಕೆ ಚೆನ್ನಾಗಿ ಕಾಯ್ತದೆ" ಅನ್ನುತ್ತಾರೆ. ಅವರು ಹಾಗೆ ಹೇಳಿದ ದಿನ ಮಂಗಳೂರಿನಲ್ಲಿ ಸೆಕೆ ತಡೆಯಲಾಗುವುದಿಲ್ಲ. ಡಿಸೆಂಬರ್‌ನಲ್ಲಿ, ಜನವರಿಯಲ್ಲಿ ದೇಶದ ಬಯಲು ಪ್ರದೇಶದಲ್ಲೇ ಅತಿ ಹೆಚ್ಚು ತಾಪಮಾನ ನಮ್ಮ ಕರಾವಳಿಯಲ್ಲಿ, ಹೊನ್ನಾವರದಲ್ಲೋ ಕಾರವಾರದಲ್ಲೋ ದಾಖಲಾಗುವ ದಿನಗಳು ಇರುತ್ತವೆ. ಉತ್ತರ ಭಾರತ ನಡುಗುವಾಗ ಇಲ್ಲಿ 36 ಡಿಗ್ರಿ.

ಕಾರಣ ನೋಡಿ. ಸಕಲೇಶಪುರದ ಕಡೆ, ಸುಮಾರು 950 ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಹೊತ್ತಿಗೆ 27 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಹಿತವಾದ ಹವೆ. ಆ ಒಣ ಗಾಳಿ ಘಟ್ಟ ಇಳಿದು ಕರಾವಳಿಗೆ ಬರುತ್ತದೆ. ಕೆಳಗಿಳಿದಂತೆ ಒತ್ತಡ ಜಾಸ್ತಿ, ಗಾಳಿ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಬಿಸಿಯಾಗುತ್ತದೆ. ಒಣ ಗಾಳಿಗೆ ಈ ಲೆಕ್ಕ ಪಕ್ಕಾ: ಸಾವಿರ ಮೀಟರಿಗೆ 9.8 ಡಿಗ್ರಿ. 950 ಮೀಟರ್ ಇಳಿದರೆ ಒಂಬತ್ತು ಡಿಗ್ರಿ ಚಿಲ್ಲರೆ. 27 ಹೋಗಿ 36 ಆಯಿತು. ಎಲ್ಲಿಂದಲೂ ಬೆಂಕಿ ತರಬೇಕಾಗಿಲ್ಲ. ಅದರ ಮೇಲೆ, ಮೂಡುಗಾಳಿ ಜೋರಿದ್ದರೆ ಸಮುದ್ರದ ತಂಗಾಳಿ ಒಳಗೆ ಬರುವುದು ತಡ. ಹನ್ನೊಂದು ಗಂಟೆಗೆ ಬರಬೇಕಾದದ್ದು ಎರಡು ಗಂಟೆಯ ಮೇಲೆ. ಈ ಒಂದು ಲೆಕ್ಕ ಕೈಗೆ ಸಿಕ್ಕಿದ ದಿನ ನನಗೆ ಬೆಟ್ಟದ ಹವಾಮಾನದ ಅರ್ಧ ಬಾಗಿಲು ತೆರೆಯಿತು. ಏರುವ ಗಾಳಿ ಮೋಡ ಕಟ್ಟುತ್ತದೆ, ಇಳಿಯುವ ಗಾಳಿ ಮೋಡ ಒಣಗಿಸುತ್ತದೆ. ಹಾಗಾದರೆ ಯಾವ ಬೆಟ್ಟಕ್ಕೂ ಕೇಳಬೇಕಾದ ಪ್ರಶ್ನೆ, ಇವತ್ತು ಗಾಳಿ ಯಾವ ಕಡೆಯಿಂದ?

ಅದೇ ಗಾಳಿ ತೇವ ಹೊತ್ತು ಬಂದರೆ ಮಾವನ ಲೆಕ್ಕವೂ ಬುಡಮೇಲಾಗುತ್ತದೆ. 2024ರ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡ ಹತ್ತಿದ ಫೆಂಗಲ್ ಚಂಡಮಾರುತ ದುರ್ಬಲವಾಗಿ ಈಚೆಗೆ ದಾಟಿ ಬಂದಾಗ ಡಿಸೆಂಬರ್ ಮೊದಲ ವಾರ ಕರಾವಳಿಯಲ್ಲಿ ಜೋರು ಮಳೆ ಬಂತು. ಅಂಗಳದ ಅಡಿಕೆಗೆ ಟಾರ್ಪಾಲ್ ಹಾಕಲು ಎಲ್ಲರೂ ಓಡಿದ್ದರು. ದಿಕ್ಕಿನ ಜೊತೆಗೆ, ಆ ಗಾಳಿ ಎಲ್ಲಿ ನೀರು ಕುಡಿದು ಬಂದಿದೆ ಅಂತಲೂ ನೋಡಬೇಕು.

ಇನ್ನೊಂದು ಅನುಕೂಲದ ಬಗ್ಗೆ ಮಂಗಳೂರಿನವರಿಗೇ ಗೊತ್ತಿರುವುದು ಕಡಿಮೆ. ಪಣಂಬೂರಿನಿಂದ ಹವಾಮಾನ ಇಲಾಖೆ ಬಲೂನು ಹಾರಿಸುತ್ತದೆ. ಬೆಳಿಗ್ಗೆ 5:30ರ ವೀಕ್ಷಣೆ. ನೆಲದಿಂದ ಹಲವು ಕಿಲೋಮೀಟರ್ ಎತ್ತರದವರೆಗೆ ತಾಪಮಾನ, ತೇವ, ಗಾಳಿ ಎಲ್ಲ ಅಳೆದು ಕಳಿಸುತ್ತದೆ. ಆ ದತ್ತಾಂಶ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೇಲಿನ ಗಾಳಿಯನ್ನು ಒತ್ತಡದ ಲೆಕ್ಕದಲ್ಲಿ ಓದುವುದನ್ನು ನಾನು ಇದರಲ್ಲೇ ಕಲಿತೆ. 850 ಹೆಕ್ಟೋಪಾಸ್ಕಲ್ ಅಂದರೆ ಸುಮಾರು 1,500 ಮೀಟರ್, ನಮ್ಮ ಕುದುರೆಮುಖದ ಹೆಗಲಿನ ಎತ್ತರ. 700 ಅಂದರೆ 3,000 ಮೀಟರ್. 500 ಅಂದರೆ ಐದೂವರೆ ಸಾವಿರ. ಜನವರಿಯ ಒಂದು ಬೆಳಿಗ್ಗೆ ಪಣಂಬೂರಿನ ಬಲೂನು ಕಳಿಸಿದ ಅಂಕಿಗಳ ರೇಖೆ ನೋಡಿದರೆ ಕೆಳಗೆ ಸಮುದ್ರದ ತೇವದ ತೆಳು ಪದರ, ಅದರ ಮೇಲೆ ಒಣಗಿದ ಮೂಡುಗಾಳಿ ಎದ್ದು ಕಾಣುತ್ತದೆ. ಶ್ರೀನಗರದ ಬಲೂನಿನ ರೇಖೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ನೆಲದ ಹತ್ತಿರ ಚಳಿ ಹೆಚ್ಚು, ಸ್ವಲ್ಪ ಮೇಲೆ ಹೋದರೆ ಬಿಸಿ! ಚಳಿಗಾಲದ ರಾತ್ರಿ ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ, ಇಳಿಜಾರಿನ ತಂಪು ಗಾಳಿ ಭಾರವಾಗಿ ಕೆಳಗೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಬೆಳ್ತಂಗಡಿ ಕಡೆಯ ತೋಟಗಳು ಮಂಜಿನಲ್ಲಿ ಮುಳುಗಿದ್ದು ಬಲ್ಲಾಳರಾಯನ ದುರ್ಗದ ಮೇಲೆ ಬಿಸಿಲು ಇರುವುದು ಇದರಿಂದಲೇ. ಹಿಮಾಲಯದಲ್ಲಿ ಟೆಂಟ್ ಹಾಕುವವರಿಗೆ ಇದರ ಬೆಲೆ ರಾತ್ರಿ ತಿಳಿಯುತ್ತದೆ. ನೀರು ಹತ್ತಿರ ಅಂತ ಹೊಳೆಯ ಪಕ್ಕ ಹಾಕುವುದಕ್ಕಿಂತ ಐವತ್ತು ಮೀಟರ್ ಮೇಲೆ ಹಾಕಿದರೆ ಚಳಿ ಎಷ್ಟೋ ಕಡಿಮೆ.

ಹಿಮಾಲಯದ ಚಳಿಗಾಲದ ಹಿಮ ಬಹುಪಾಲು ಬರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳಿಂದ. ಮೆಡಿಟರೇನಿಯನ್ ಕಡೆ ಹುಟ್ಟಿ, ಮೇಲಿನ ಪಶ್ಚಿಮ ಗಾಳಿಯ ಜೊತೆ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ವಾಯುಭಾರ ಕುಸಿತಗಳಿವು. ದಾರಿಯಲ್ಲಿ ಅರಬ್ಬಿ ಸಮುದ್ರದ ಉತ್ತರ ಭಾಗದಿಂದಲೂ ತೇವ ಎಳೆದುಕೊಳ್ಳುತ್ತವೆ. ನಮ್ಮ ಮಲ್ಪೆಯ ಅಲೆಗಳಿರುವ ಅದೇ ಸಮುದ್ರ ಅಲ್ಲಿ ಹಿಮವಾಗಿ ಬೀಳುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. 500 ಹೆಕ್ಟೋಪಾಸ್ಕಲ್ ನಕ್ಷೆಯಲ್ಲಿ ಇರಾನಿನ ಮೇಲೆ ರೇಖೆಗಳು ಕೆಳಕ್ಕೆ ಬಾಗಿದ್ದು ಕಂಡರೆ, ಎರಡು ಮೂರು ದಿನದಲ್ಲಿ ಅದು ಹಿಮಾಚಲಕ್ಕೆ ಬರುತ್ತದೆ. ಅದು ಮುಟ್ಟುವ ಮೊದಲು 700ರ ಎತ್ತರದಲ್ಲಿ ಗಾಳಿ ದಕ್ಷಿಣದಿಂದಲೋ ನೈಋತ್ಯದಿಂದಲೋ ಬೀಸಲು ಶುರುವಾಗುತ್ತದೆ. ದಾಟಿದ ಮೇಲೆ ವಾಯವ್ಯದಿಂದ ಒಣ ಗಾಳಿ, ಗಾಜಿನಂಥ ಆಕಾಶ, ಕೊರೆಯುವ ಚಳಿ.

ನಕ್ಷೆ ಇಲ್ಲದಿದ್ದರೂ ಬೆಟ್ಟದ ಮೇಲೆ ನಿಂತು ಇದನ್ನು ಓದಬಹುದು. ಮೊದಲು ಎತ್ತರದಲ್ಲಿ ನೂಲಿನಂಥ ಮೋಡ. ಆಮೇಲೆ ಆಕಾಶ ಹಾಲು ಬಣ್ಣಕ್ಕೆ ತಿರುಗಿ ಚಂದ್ರನ ಸುತ್ತ ಬಳೆ. ವಾಚಿನ ಎತ್ತರ ಮಾಪಕ, ನೀವು ಒಂದೇ ಕಡೆ ಕೂತಿದ್ದರೂ, ಮೇಲೇರಿದ ಹಾಗೆ ತೋರಿಸುತ್ತದೆ. ಒತ್ತಡ ಇಳಿಯುತ್ತಿದೆ ಅಂತ ಅರ್ಥ. ಮತ್ತೆ, ರಾತ್ರಿ ಹಿಂದಿನ ದಿನಕ್ಕಿಂತ ಬೆಚ್ಚಗಿರುತ್ತದೆ. ಹೊಸಬರು ಇದಕ್ಕೆ ಸಂತೋಷಪಡುತ್ತಾರೆ. ಮೋಡ ನೆಲದ ಬಿಸಿಯನ್ನು ಮೇಲೆ ಹೋಗಲು ಬಿಡುವುದಿಲ್ಲ, ಅದಕ್ಕೇ ಬೆಚ್ಚಗೆ. ಚಳಿಗಾಲದ ಹಿಮಾಲಯದಲ್ಲಿ ಕಾರಣವಿಲ್ಲದೆ ಬೆಚ್ಚಗಾದ ರಾತ್ರಿಯನ್ನು ನಾನು ನಂಬುವುದಿಲ್ಲ.

ನೈಋತ್ಯದ ಗಾಳಿ ಬಂದಾಗ ಯಾವ ಇಳಿಜಾರಿಗೆ ಹಿಮ ಜಾಸ್ತಿ? ಇಲ್ಲಿ ಕರಾವಳಿಯವರು ಕಣ್ಣು ಮುಚ್ಚಿ ಉತ್ತರ ಹೇಳಬಹುದು. ಧೌಲಾಧಾರ್ ಶ್ರೇಣಿ ಕಾಂಗ್ರಾ ಕಣಿವೆಯಿಂದ 4,000 ಮೀಟರಿಗೂ ಮೇಲಕ್ಕೆ ಒಮ್ಮೆಲೇ ಎದ್ದು ನಿಂತಿದೆ, ಗಾಳಿಗೆ ಅಡ್ಡವಾಗಿ. ಗಾಳಿಗೆ ಎದುರಿರುವ ಕಡೆ ಸುರಿಯುತ್ತದೆ. ಅದರಾಚೆ ಪೀರ್ ಪಂಜಾಲ್, ಅದರಾಚೆ ಲಾಹೌಲ್, ಸ್ಪಿತಿ. ಒಳಗೆ ಹೋದಂತೆ ಕಡಿಮೆ. ಇದನ್ನು ಹತ್ತಿರದಿಂದ ನೋಡಬೇಕಾದರೆ ಮನಾಲಿ ಕಡೆಯಿಂದ ಲಾಹೌಲಿಗೆ ದಾಟಿಸುವ ಅಟಲ್ ಸುರಂಗಕ್ಕೆ ಹೋಗಬೇಕು. 9.02 ಕಿಲೋಮೀಟರ್ ಉದ್ದ. ದಕ್ಷಿಣದ ಬಾಯಿ 3,060 ಮೀಟರ್, ಉತ್ತರದ ಬಾಯಿ 3,071. ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು, ನಡುವೆ ಬೆಟ್ಟ ಮಾತ್ರ. ಒಂದು ಮಾರ್ಚ್‌ನಲ್ಲಿ ನಾವು ಸೋಲಾಂಗ್ ಕಡೆಯಿಂದ ಹೊರಟಾಗ ಹಿಮ ದಪ್ಪ ದಪ್ಪ ಬೀಳುತ್ತಿತ್ತು. ವೈಪರ್ ಎಳೆಯಲಾಗದೆ ಕಿರುಗುಟ್ಟುತ್ತಿತ್ತು. ಸುರಂಗದ ಆಚೆ ಬಂದರೆ ಸಿಸ್ಸುವಿನಲ್ಲಿ ಹೊಲಗಳ ಮೇಲೆ ಬಿಸಿಲು, ಎಲ್ಲೋ ಒಂದೆರಡು ಹಿಮದ ಹರಳು ಗಾಳಿಯಲ್ಲಿ ತೇಲುತ್ತಿದ್ದವು. ಹಿಂತಿರುಗಿ ನೋಡಿದರೆ ಶಿಖರದ ಸಾಲಿನ ಮೇಲೆ ಮೋಡ ಗೋಡೆಯ ಹಾಗೆ ನಿಂತಿತ್ತು. ಈಚೆ ಇಳಿಯಲು ನೋಡುತ್ತಿದ್ದ ಅಂಚು ಕಣ್ಣೆದುರೇ ಕರಗುತ್ತಿತ್ತು. ಮಾವನ ಅಂಗಳದ ಲೆಕ್ಕವೇ, ಮೂರು ಸಾವಿರ ಮೀಟರ್ ಮೇಲೆ.

ಇನ್ನು ಮಳೆಯೋ ಹಿಮವೋ ಅನ್ನುವ ಪ್ರಶ್ನೆ. ಇದು ಎಲ್ಲಕ್ಕಿಂತ ಕಷ್ಟದ್ದು, ಮತ್ತು ಚಾರಣಿಗರಿಗೆ ಎಲ್ಲಕ್ಕಿಂತ ಮುಖ್ಯ. ಮೈನಸ್ 8ರಲ್ಲಿ ಬೀಳುವ ಒಣ ಹಿಮವನ್ನು ಕೊಡವಿದರೆ ಹೋಗುತ್ತದೆ. 1 ಡಿಗ್ರಿಯಲ್ಲಿ ಸುರಿಯುವ ಮಳೆ ಜಾಕೆಟ್ಟಿನ ಹೊಲಿಗೆಯೊಳಗೆ ಇಳಿದು ಮನುಷ್ಯನನ್ನು ಕೆಡವುತ್ತದೆ. ನೋಡಬೇಕಾದದ್ದು ಫ್ರೀಜಿಂಗ್ ಲೆವೆಲ್, ಅಂದರೆ ತಾಪಮಾನ ಶೂನ್ಯಕ್ಕೆ ಇಳಿಯುವ ಎತ್ತರ. ಹಿಮದ ಹಳಕು ಅಲ್ಲಿಂದ ಕೆಳಗೂ ಸ್ವಲ್ಪ ದೂರ ಕರಗದೆ ಬರುತ್ತದೆ, ಸಾಮಾನ್ಯವಾಗಿ 200ರಿಂದ 300 ಮೀಟರ್. ಉತ್ತರಾಖಂಡದ ಕೇದಾರಕಂಠದ ಲೆಕ್ಕ ಹಾಕೋಣ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿ ಸುಮಾರು 1,950 ಮೀಟರ್, ಶಿಖರ 3,810. ಫ್ರೀಜಿಂಗ್ ಲೆವೆಲ್ 2,500 ಅಂತ ಬಂದರೆ ಹಿಮ 2,200ರ ತನಕ. ಸಾಂಕ್ರಿಯಲ್ಲಿ ಮಳೆ, ಮೇಲಿನ ಕ್ಯಾಂಪುಗಳಲ್ಲೆಲ್ಲ ಹಿಮ.

ಆದರೆ ಗಾಳಿ ಒಣಗಿದ್ದರೆ ಈ ಲೆಕ್ಕ ಕೆಳಕ್ಕೆ ಜಾರುತ್ತದೆ. ಬೀಳುವ ಹನಿ ದಾರಿಯಲ್ಲಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಬಿಸಿಯನ್ನು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೀಗೇ. ಹಾಗಾಗಿ 4 ಡಿಗ್ರಿಯಲ್ಲಿ ಮಳೆಯಾಗಿ ಶುರುವಾದದ್ದು ಒಂದೆರಡು ಗಂಟೆಯಲ್ಲಿ ಹಿಮವಾಗಿ ತಿರುಗಬಹುದು. ಇಕ್ಕಟ್ಟಾದ ಕಣಿವೆಯಲ್ಲಿ ಜೋರಾಗಿ ಬಿದ್ದರೆ, ಹಿಮ ಕರಗುವಾಗಲೂ ಗಾಳಿ ತಣ್ಣಗಾಗುತ್ತದೆ, ಆ ತಂಪಿಗೆ ಹೊರಗೆ ಹೋಗಲು ಜಾಗ ಇಲ್ಲ, ಹಿಮದ ಗಡಿ ಇನ್ನೂ ಕೆಳಗೆ ಬರುತ್ತದೆ. ಆ್ಯಪ್ ಇದನ್ನು ಹೇಳುವುದಿಲ್ಲ. ಅದಕ್ಕೆ ಒಣ ತಾಪಮಾನದ ಜೊತೆ ವೆಟ್ ಬಲ್ಬ್ ತಾಪಮಾನವನ್ನೂ (ನೀರು ಆವಿಯಾಗಿ ಗಾಳಿ ಎಷ್ಟರವರೆಗೆ ತಣ್ಣಗಾಗಬಹುದು ಅನ್ನುವ ಅಳತೆ) ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಹಿಮದ ಪ್ರಮಾಣ ಸುಲಭ: 10 ಮಿಲಿಮೀಟರ್ ನೀರಿಗೆ ಸುಮಾರು 10 ಸೆಂಟಿಮೀಟರ್ ಹಿಮ, ತುಂಬಾ ಚಳಿಯಿದ್ದರೆ ಹಗುರವಾಗಿ 15, 20ರವರೆಗೂ.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 2014ರ ಅಕ್ಟೋಬರ್ 12ಕ್ಕೆ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಎರಡು ದಿನದ ನಂತರ ಅದರ ಉಳಿಕೆ ನೇಪಾಳದ ಅನ್ನಪೂರ್ಣ ಭಾಗದಲ್ಲಿ ಭಾರೀ ಹಿಮವಾಗಿ ಸುರಿದು ಕನಿಷ್ಠ 43 ಜನ ಸತ್ತರು. ಚಾರಣದ ಒಳ್ಳೆಯ ಕಾಲ ಅದು, ಆಕಾಶ ಶುಭ್ರ ಇರುತ್ತದೆ ಅಂತಲೇ ಎಲ್ಲರೂ ಹೋಗಿದ್ದರು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀಯಲ್ಲಿ ಹಿಮ ನೋಡಲು ಹೋದ ಪ್ರವಾಸಿಗರ ಕಾರುಗಳು ರಸ್ತೆಯಲ್ಲೇ ಹೂತುಹೋಗಿ 22 ಜನ ಕಾರುಗಳೊಳಗೇ ತೀರಿಕೊಂಡರು. ಅದು ಕೇವಲ 2,300 ಮೀಟರ್ ಆಸುಪಾಸಿನ ಊರು. ಸಂಸಾರ ಸಮೇತ ಹೋಗುವ ಜಾಗ. ಈ ಸುದ್ದಿಗಳನ್ನು ಓದಿದ ಮೇಲೆ "ಹಿಮ ಉಂಟಾ?" ಅನ್ನುವ ಮೆಸೇಜಿಗೆ ನಾನು ಯಾವತ್ತೂ ಒಂದು ಪದದಲ್ಲಿ ಉತ್ತರ ಕೊಟ್ಟಿಲ್ಲ.

ಹಿಮಕುಸಿತದ ವಿಷಯ ಇನ್ನೂ ಗಂಭೀರ, ಅದನ್ನು ಓದಿ ಕಲಿತ ನನ್ನಂಥವರು ಜಾಸ್ತಿ ಮಾತಾಡಬಾರದು. ಇಷ್ಟು ಮಾತ್ರ ಹೇಳುತ್ತೇನೆ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಜೋರಾಗಿ ಹಿಮ ಬೀಳುವಾಗ ಮತ್ತು ನಿಂತ ಮೇಲಿನ ಒಂದೆರಡು ದಿನ ಅಪಾಯ ಹೆಚ್ಚು. ಗಾಳಿ ಒಂದು ಕಡೆಯ ಹಿಮವನ್ನು ಎತ್ತಿ ಇನ್ನೊಂದು ಕಡೆ ಪೇರಿಸುತ್ತದೆ. ಹಿಮ ನಿಂತ ಮರುದಿನ ಬಿಸಿಲು ಬಂದು ಫೋಟೋ ಚೆಂದ ಬರುವ ದಿನವೇ ಆ ಅಪಾಯದ ದಿನ. ಚಂಡೀಗಢದ ರಕ್ಷಣಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಎಚ್ಚರಿಕೆಯನ್ನು, ಸ್ಥಳೀಯ ಗೈಡ್ ಬೇಡ ಅಂದದ್ದನ್ನು ಮೀರಬಾರದು.

ನನ್ನ ಚಿಕ್ಕಮ್ಮನ ಮಗಳು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳಿಗೂ ಈಗ ಈ ಹುಚ್ಚು ಹತ್ತಿದೆ. ಒಂದು ಸಲ ಕೇಳಿದಳು, "ಅಕ್ಕಾ, ಒಂದು ಮಾಡೆಲ್ 20 ಸೆಂಟಿಮೀಟರ್ ಅಂತದೆ, ಇನ್ನೊಂದು ಏನೂ ಇಲ್ಲ ಅಂತದೆ. ಯಾವುದನ್ನು ನಂಬೋದು?"

"ಎರಡನ್ನೂ ಬದಿಗಿಡು. 51ನ್ನು ನೋಡು" ಅಂದೆ.

ಯುರೋಪಿನ ಕೇಂದ್ರ ಒಂದೇ ದಿನದ ಮುನ್ಸೂಚನೆಯನ್ನು 51 ಬಾರಿ ಲೆಕ್ಕ ಹಾಕುತ್ತದೆ, ಒಂದು ಸಲ ಇದ್ದ ಹಾಗೆ, ಉಳಿದ 50 ಸಲ ಆರಂಭದ ಸ್ಥಿತಿಯನ್ನು ಚೂರೇ ಚೂರು ಬದಲಿಸಿ. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಕೆಲವು ದಿನಗಳಲ್ಲಿ ಹವೆ ಪೂರ್ತಿ ಬೇರೆ ದಾರಿ ಹಿಡಿಯಬಹುದು ಅಂತ 1963ರಲ್ಲೇ ಎಡ್ವರ್ಡ್ ಲೊರೆಂಜ್ ತೋರಿಸಿದ್ದರು. 51ರಲ್ಲಿ 40 ಹಿಮ ಅಂದರೆ ಸಾಧ್ಯತೆ ತುಂಬಾ ಹೆಚ್ಚು. 15 ಮಾತ್ರ ಅಂದರೆ ಸಾಧ್ಯತೆ ಇದೆ, ಅಷ್ಟೇ. ತಂಡಕ್ಕೆ ನಾನು ಹಾಗೆಯೇ ಹೇಳುವುದು, ಹತ್ತರಲ್ಲಿ ಮೂರು, ಹತ್ತರಲ್ಲಿ ಎಂಟು ಅಂತ. ಮೊದಮೊದಲು ಅವರಿಗೆ ಇದು ಜಾರಿಕೊಳ್ಳುವ ಮಾತಿನ ಹಾಗೆ ಕೇಳುತ್ತಿತ್ತು. ಈಗ ಹತ್ತರಲ್ಲಿ ಎಷ್ಟು ಅಂತ ಅವರೇ ಕೇಳುತ್ತಾರೆ.

ಅವಳಿಗೆ ನಾನು ಕೊಟ್ಟ ಮನೆಪಾಠ ಇದು. ಈ ಡಿಸೆಂಬರಿನಿಂದ ಪ್ರತಿ ಸಂಜೆ ಒಂದು ಪುಸ್ತಕದಲ್ಲಿ ಬರೆಯಬೇಕು: ನಾಳೆ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಮಂಜು ಇರುತ್ತದೋ ಇಲ್ಲವೋ, ಪಣಂಬೂರಿನ ಗರಿಷ್ಠ ಎಷ್ಟು, ತಂಗಾಳಿ ಎಷ್ಟು ಗಂಟೆಗೆ. ಪಕ್ಕದಲ್ಲಿ ಕಾರಣ ಬರೆಯಬೇಕು. ಕಾರಣ ಬರೆಯದಿದ್ದರೆ ಸರಿ ಬಂದರೂ ಏನೂ ಕಲಿತ ಹಾಗಾಗುವುದಿಲ್ಲ. ಮರುದಿನ ಹವಾಮಾನ ಇಲಾಖೆಯ ಅಂಕಿಯ ಜೊತೆ ಹೋಲಿಸಬೇಕು. ಮಳೆ ಬಂದ ದಿನಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳೂ ಇವೆ. ಘಟ್ಟದ ಬುಡದ ಪಂಚಾಯಿತಿಗೂ ಹತ್ತು ಕಿಲೋಮೀಟರ್ ಆಚೆಯದಕ್ಕೂ ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಕಾಣುತ್ತದೆ. ಇದೇ ಪುಸ್ತಕದ ಎಡಗಡೆ ಉಡುಪಿ, ಬಲಗಡೆ ಸಾಂಕ್ರಿ. ಕ್ರಮ ಒಂದೇ: ಗಾಳಿ ಯಾವ ಕಡೆಯಿಂದ, ತೇವ ಎಷ್ಟು, ಯಾವ ಎತ್ತರದಲ್ಲಿ ಎಷ್ಟು ಡಿಗ್ರಿ, ಬೆಟ್ಟ ಯಾವ ಕಡೆಗೆ ಮುಖ ಮಾಡಿದೆ. ಆಮೇಲೆ ಮಾತ್ರ ಆ್ಯಪ್ ತೆರೆಯಬಹುದು.

ಈ ಸಲ ನಮ್ಮ ತಂಡ ಫೆಬ್ರವರಿಯಲ್ಲಿ ಹೊರಡುತ್ತದೆ. ವಾಪಸ್ ಬರುವ ರೈಲಿನ ಟಿಕೆಟ್ಟನ್ನು ಎರಡು ದಿನ ತಡವಾಗಿಯೇ ಮಾಡಿಸಿದ್ದೇವೆ. ರಜೆ ಮುಗಿಯುತ್ತದೆ ಅಂತ ಬೆಟ್ಟ ಹತ್ತಬೇಕಾದ ಪರಿಸ್ಥಿತಿ ಬರಬಾರದು. ಎತ್ತರದ ಕ್ಯಾಂಪಿಗೆ ಹೋಗುವ ಹಿಂದಿನ ಸಂಜೆ 700ರ ಗಾಳಿ ನೋಡಿ ನಿರ್ಧಾರ ಹೇಳುವ ಕೆಲಸ ಈ ಬಾರಿ ತಂಗಿಯದ್ದು. ಅವಳು ಬೇಡ ಅಂದರೆ ನಾವೆಲ್ಲ ಸಾಂಕ್ರಿಯಲ್ಲೇ ಉಳಿಯುತ್ತೇವೆ.